ಮನೆ ಬಾಡಿಗೆಗೆ ಸರಿ, ತೋಟ ನಿಮ್ಮ ಹೆಸರಲ್ಲೇ ಇರಲಿ

ಪ್ರಶ್ನೆ: ನಮಗೆ ವಯಸ್ಸಾಯಿತು, ತೋಟದ ಕೆಲಸ ಕೈಲಾಗುತ್ತಿಲ್ಲ. ಶಿವಮೊಗ್ಗಕ್ಕೆ ಹೋಗಿ ಇರಬೇಕೆಂದಿದ್ದೇವೆ. ಹಂಚಿನ ತೊಟ್ಟಿಮನೆ ಮತ್ತು ಮೂರು ಎಕರೆ ಅಡಿಕೆ ತೋಟವನ್ನು ಪರಿಚಯದ ಸಂಸಾರವೊಂದು ಒಟ್ಟಿಗೇ ಬಾಡಿಗೆಗೆ ಕೇಳುತ್ತಿದೆ. ಒಂದೇ ಕರಾರು ಸಾಕೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ದಯವಿಟ್ಟು ಒಟ್ಟಿಗೆ ಕೊಡಬೇಡಿ. ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಸಾಗುವಳಿ ಜಮೀನನ್ನು ಗೇಣಿಗೆ, ಅಂದರೆ ಬೇರೆಯವರು ಬೇಸಾಯ ಮಾಡಲು ಬಾಡಿಗೆಗೆ, ಕೊಡುವಂತಿಲ್ಲ. ಸೈನಿಕರಂಥ ಕೆಲವರಿಗಷ್ಟೇ ವಿನಾಯಿತಿ. 2020ರ ತಿದ್ದುಪಡಿ ಜಮೀನು ಕೊಳ್ಳುವವರ ಮೇಲಿನ ನಿರ್ಬಂಧ ಸಡಿಲಿಸಿತು, ಗೇಣಿಯ ನಿಷೇಧವನ್ನು ಮುಟ್ಟಲಿಲ್ಲ. 'ಮನೆ ಮತ್ತು ತೋಟ' ಎಂದು ಒಂದೇ ಕಾಗದದಲ್ಲಿ ಬರೆದರೆ ನೀವೇ ಗೇಣಿಗೆ ಸಾಕ್ಷಿ ಬರೆದುಕೊಟ್ಟಂತೆ.

ಮನೆಗೆ ಛಾಪಾ ಕಾಗದದಲ್ಲಿ 11 ತಿಂಗಳ ಬಾಡಿಗೆ ಕರಾರು ಮಾಡಿ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಕರಾರಿನಲ್ಲಿ ಮನೆ, ಅಂಗಳ, ಕೊಟ್ಟಿಗೆ, ಬಾವಿಯ ಹೆಸರು ಮಾತ್ರ ಇರಲಿ, ಸರ್ವೆ ನಂಬರಿನ ತೋಟ ಸೇರಿಲ್ಲ ಎಂಬುದೂ ಇರಲಿ. ತೋಟದ ಫಸಲನ್ನು ಚೇಣಿಗೆ ಕೊಡಿ. ಅದು ಆ ವರ್ಷದ ಅಡಿಕೆಯ ಮಾರಾಟವಷ್ಟೇ, ಕೊಯ್ಲು ಮುಗಿಯುವ ತನಕ ಮಾತ್ರ ಪ್ರವೇಶ. ಬೇಸಾಯ, ಗೊಬ್ಬರ, ಔಷಧಿ ಎಲ್ಲ ನಿಮ್ಮ ಖರ್ಚಿನಲ್ಲಿ, ನಿಮ್ಮ ಆಳಿನಿಂದ ನಡೆಯಬೇಕು. ಕೂಲಿ ಕೊಟ್ಟ ಚೀಟಿ, ಔಷಧಿಗೆ ಬಳಸುವ ಮೈಲುತುತ್ತದ (ತಾಮ್ರದ ಸಲ್ಫೇಟ್) ಬಿಲ್ ಇಟ್ಟುಕೊಳ್ಳಿ. ಪ್ರತಿ ವರ್ಷ ಪಹಣಿ ತೆಗೆಸಿ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು ನಿಮ್ಮದೇ ಇದೆಯೇ ನೋಡಿ.

ಚೇಣಿಯಲ್ಲಿ ಜಗಳ ಬರುವುದು ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗದಿಂದ. ಶೇ 1ರ ಬೋರ್ಡೋ ದ್ರಾವಣವನ್ನು (100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ) ಮಳೆ ಹಿಡಿಯುವ ಮೊದಲೊಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಸಬೇಕು. ಆಮೇಲೂ ಕೊಳೆ ಬಂದರೆ ನಷ್ಟ ಯಾರದೆಂದು ಮೊದಲೇ ಬರೆದುಕೊಳ್ಳಿ.

ಮನೆ ಬಾಡಿಗೆ ಕೃಷಿ ಆದಾಯವಲ್ಲ. ಆದಾಯ ತೆರಿಗೆಯಲ್ಲಿ ಮನೆ ಆಸ್ತಿಯ ಆದಾಯವೆಂದು ತೋರಿಸಬೇಕು. ದುರಸ್ತಿಗೆಂದು ಶೇ 30 ಕಳೆಯುತ್ತಾರೆ.

ಪ್ರಶ್ನೆ: ಬಾಡಿಗೆಗೆ ಕೊಡುವ ಮೊದಲು ಮನೆಯಲ್ಲಿ ಏನೇನು ಸರಿಮಾಡಿಸಬೇಕು? ಗುಡ್ಡದ ನೀರು ಪೈಪಿನಲ್ಲಿ ಬರುತ್ತದೆ.
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ದೀಪಾವಳಿ ಕಳೆದ ಮೇಲೆ ಕೊಡಿ. ಮಳೆಗಾಲದಲ್ಲಿ ಮನೆ ಬದಲಾದರೆ ಸೋರಿಕೆಯ ಜಗಳ ಮೊದಲ ವಾರವೇ ಶುರು. ಹಂಚಿಗೆ ಏಪ್ರಿಲ್–ಮೇನಲ್ಲಿ ಕೈಯಾಡಿಸುವುದು ಮಾಲೀಕರ ಕೆಲಸ. ತೊಟ್ಟಿಯ ನಾಲ್ಕು ಮೂಲೆಯ ತಗಡಿನ ದೋಣಿಯಲ್ಲಿ ಹಲಸು, ಮಾವಿನ ಎಲೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ಹೊರಳಿ ಹಂಚಿನಡಿ ನುಗ್ಗಿ ಹಂಚು ಹೊತ್ತ ಮರದ ಪಕಾಸಿ ಕುಂಬಾಗುತ್ತದೆ. ಅದನ್ನು ಗುಡಿಸುವುದು ಬಾಡಿಗೆದಾರರ ಪಾಲಿಗಿರಲಿ. ನಿಮಗೆಂದು ಇಟ್ಟುಕೊಂಡ ಕೋಣೆಗೂ ತಿಂಗಳಿಗೊಮ್ಮೆ ಗಾಳಿಯಾಡಬೇಕು, ಇಲ್ಲದಿದ್ದರೆ ವರಲೆ ಹತ್ತುತ್ತದೆ.

ಊರಿನವರಲ್ಲದವರಿಗೆ ಗುಡ್ಡದ ನೀರಿನ ಪೈಪು ಅರ್ಥವಾಗುವುದಿಲ್ಲ. ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ ತೋರಿಸಲೇಬೇಕು. ಮೂಲದಲ್ಲಿ ಪೈಪಿನ ಬಾಯಿ ತಳದಿಂದ ಒಂದು ಗೇಣು ಮೇಲಿರಲಿ, ಜಾಲರಿ ಇರಲಿ. ಇಲ್ಲವಾದರೆ ಮರಳು, ಎಲೆ, ಏಡಿ ಒಳಗೆ ಹೋಗುತ್ತವೆ. ದಾರಿಯಲ್ಲಿ ಪೈಪು ಉಬ್ಬಿದ ಕಡೆ ಗಾಳಿ ಸಿಕ್ಕಿಕೊಂಡು, ಮೂಲದಲ್ಲಿ ನೀರಿದ್ದರೂ ಬೇಸಿಗೆಯಲ್ಲಿ ಮನೆಗೆ ಬರುವುದಿಲ್ಲ. ಆ ಉಬ್ಬಿನ ಮೇಲೆ ಗಾಳಿ ಬಿಡಲು ಸಣ್ಣ ವಾಲ್ವ್, ಅತಿ ತಗ್ಗಿನಲ್ಲಿ ಕೆಸರು ತೆಗೆಯಲು ಇನ್ನೊಂದು ಹಾಕಿಸಿ. ಪಕ್ಕದ ಮನೆಯವರ ಜೊತೆ ನೀರಿನ ಪಾಳಿಯಿದ್ದರೆ ಅದೂ ಕರಾರಿಗೆ ಬರಲಿ. ಗುಡ್ಡ ಹತ್ತುವಾಗ ಮಂಗನ ಕಾಯಿಲೆಯ ಉಣ್ಣೆಗಳ ಬಗ್ಗೆ ಎಚ್ಚರಿಸಿ. ಡಿಸೆಂಬರಿನಿಂದ ಮೇವರೆಗೆ ಕೈಕಾಲಿಗೆ ಉಣ್ಣೆ ದೂರವಿಡುವ ಡೆಪಾ ಎಣ್ಣೆ ಹಚ್ಚಿಕೊಳ್ಳದೆ ಕಾಡಿಗೆ ಹೋಗಬಾರದು.

ಪ್ರಶ್ನೆ: ಬೆಳೆ ರಕ್ಷಣೆಯ ಕೋವಿಯನ್ನು ಬಾಡಿಗೆಗೆ ಕೊಡುವ ಮನೆಯಲ್ಲೇ ಬೀಗ ಹಾಕಿ ಇಡಬಹುದೇ?
– ಓದುಗರು, ಸಾಗರ

ಉತ್ತರ: ಬೇಡ. ಪರವಾನಗಿ ನಿಮ್ಮ ಹೆಸರಿನದು, ಬೇರೆಯವರ ವಶದಲ್ಲಿ ಬಿಡುವಂತಿಲ್ಲ. ಮನೆ ಖಾಲಿ ಮಾಡುವ ಮೊದಲೇ ಪೊಲೀಸ್ ಠಾಣೆಗೆ ಅಥವಾ ಪರವಾನಗಿ ಹೊಂದಿದ ಬಂದೂಕಿನ ಅಂಗಡಿಗೆ ಒಪ್ಪಿಸಿ, ರಸೀದಿ ಪಡೆಯಿರಿ. ವಿಳಾಸ ಬದಲಾದುದನ್ನೂ ಬರಹದಲ್ಲಿ ತಿಳಿಸಿ.