ಮೊದಲ ಮಹಾಯುದ್ಧದಿಂದ ಮದುವೆಯಾಗದೆ ಉಳಿದ ಬ್ರಿಟಿಷ್ ಹೆಂಗಸರು ಒಂಟಿಯಾಗಿ ಹೇಗೆ ಬದುಕಿದರು? ಯುದ್ಧವೇ ಅವರನ್ನು ಸ್ವತಂತ್ರರನ್ನಾಗಿ ಮಾಡಿತಾ?

ಗಂಡಸರು ಯುದ್ಧದಲ್ಲಿ ಸತ್ತರು, ಇವರಿಗೆ ಗಂಡು ಸಿಗಲಿಲ್ಲ, ವಿಧಿಯಿಲ್ಲದೆ ಕೆಲಸ ಹಿಡಿದರು. ಎಲ್ಲರೂ ಹೇಳೋದು ಇದನ್ನೇ. ನನ್ನ ಪ್ರಕಾರ ಇದು ಅರ್ಧ ನಿಜ.

1921ರ ಜನಗಣತಿ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರಿಗಿಂತ ಹೆಂಗಸರು ಸುಮಾರು 17 ಲಕ್ಷ ಜಾಸ್ತಿ ಇದ್ದರು. ಪತ್ರಿಕೆಗಳು ಇವರನ್ನು 'ಹೆಚ್ಚುವರಿ ಹೆಂಗಸರು' ಎಂದು ಕರೆದವು, ಗೋದಾಮಿನಲ್ಲಿ ಮಿಕ್ಕ ಸರಕಿನ ಹಾಗೆ. ಆದರೆ ಯುದ್ಧಕ್ಕೆ ಮುಂಚೆ, 1911ರಲ್ಲೇ ಈ ಅಂತರ 11 ಲಕ್ಷ ದಾಟಿತ್ತು. ಕೆನಡಾ, ಆಸ್ಟ್ರೇಲಿಯಾ ಅಂತ ವಲಸೆ ಹೋಗುತ್ತಿದ್ದವರಲ್ಲಿ ಗಂಡಸರೇ ಹೆಚ್ಚು. ಯುದ್ಧದಲ್ಲಿ 7 ಲಕ್ಷಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತ ಮೇಲೆ ಅದು ಇನ್ನೂ ಹಿಗ್ಗಿತು.

ಯುದ್ಧ ಕೆಲಸ ಕೊಟ್ಟಿತು, ನಿಜ. ಮುಗಿದ ಕೂಡಲೇ ಕಿತ್ತುಕೊಂಡಿತು ಕೂಡ. ಕಾರ್ಖಾನೆಗಳಲ್ಲಿ ಹೆಂಗಸರು ಮಾಡುತ್ತಿದ್ದ ಕೆಲಸ ಗಂಡಸರಿಗೆ ವಾಪಸ್ ಹೋಗಲಿ ಅಂತ 1919ರಲ್ಲಿ ಕಾನೂನೇ ಬಂತು. ಆದರೆ ಅದೇ ವರ್ಷದ ಇನ್ನೊಂದು ಕಾನೂನಿನಿಂದ ಹೆಂಗಸರು ವಕೀಲರಾಗಬಹುದಾಯಿತು. 1918ರಲ್ಲಿ ಓಟು ಬಂತಲ್ವಾ ಅಂತೀರಾ? ಅದು 30 ದಾಟಿದವರಿಗೆ, ಅದಕ್ಕೂ ಆಸ್ತಿಯ ಷರತ್ತು. ಯುದ್ಧಕಾಲದ ಕಾರ್ಖಾನೆಗಳಲ್ಲಿ ಮದ್ದುಗುಂಡು ತುಂಬಿದ ಇಪ್ಪತ್ತರ ಹರೆಯದ ಹುಡುಗಿಯರಿಗೆ ಓಟಿರಲಿಲ್ಲ. ಗಂಡಸರಿಗೆ ಸಮನಾದ ಹಕ್ಕು ಸಿಕ್ಕಿದ್ದು 1928ರಲ್ಲಿ.

ಹೆಚ್ಚಿನವರು ಮರೆಯೋ ಸಂಗತಿ ಇನ್ನೊಂದಿದೆ. ಆಗ ಸರ್ಕಾರಿ ನೌಕರಿಯಲ್ಲಿರುವ ಹೆಂಗಸು ಮದುವೆಯಾದರೆ ಸಾಮಾನ್ಯವಾಗಿ ಕೆಲಸ ಬಿಡಬೇಕಿತ್ತು. ಬಹಳಷ್ಟು ಕಡೆ ಟೀಚರ್‌ಗಳಿಗೂ ಇದೇ ನಿಯಮ. ಈ ನಿಯಮ ಟೀಚರ್‌ಗಳಿಗೆ ರದ್ದಾಗಿದ್ದು 1944ರಲ್ಲಿ, ಸರ್ಕಾರಿ ಕಚೇರಿಗಳಲ್ಲಿ 1946ರಲ್ಲಿ. ಅಂದರೆ ಮೂವತ್ತೈದರ ಟೀಚರ್ ಒಬ್ಬಳು ಒಂಟಿಯಾಗಿದ್ದರೆ, ಪಾಪ ಗಂಡು ಸಿಗಲಿಲ್ಲ ಅಂತಲೇ ತಿಳಿಯಬೇಕಿಲ್ಲ. ಗಂಡು ಬಂದಿರಬಹುದು. ಸಂಬಳ ಬಿಡಲು ಇವಳಿಗೆ ಮನಸ್ಸಿರಲಿಲ್ಲ ಅಂತಲೂ ಇರಬಹುದು. ಆ ಸಂಬಳವಾದರೂ ಗಂಡಸು ಟೀಚರ್‌ಗೆ ಸಿಗುತ್ತಿದ್ದುದರ ಐದರಲ್ಲಿ ನಾಲ್ಕು ಪಾಲು.

ಇದನ್ನು ಎಲ್ಲೋ ಲಂಡನ್ ಕಥೆ ಅಂತ ತಳ್ಳಿಹಾಕಬೇಡಿ. ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ನಮ್ಮ ವಿದೇಶಾಂಗ ಸೇವೆಗೆ ಸೇರಿದಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಬರೆದುಕೊಡಬೇಕಾಯಿತು. ಆ ಸೇವೆಗೆ ಪರೀಕ್ಷೆ ಬರೆದು ಬಂದ ಮೊದಲ ಮಹಿಳೆ ಅವರು. ಮದುವೆಯಾಗಲಿಲ್ಲ. ಇಂಥ ನಿಯಮಗಳ ಮೇಲೆ ಸುಪ್ರೀಂ ಕೋರ್ಟ್‌ಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸರ್ಕಾರವನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ಮುತ್ತಮ್ಮ ತೀರಿಕೊಂಡಿದ್ದು 2009ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅವರನ್ನು ಯಾವ ಯುದ್ಧವೂ ಒಂಟಿ ಮಾಡಿರಲಿಲ್ಲ ನೋಡಿ.

ಇನ್ನು ವಾಸ. ನಗರಗಳಲ್ಲಿ ಹಾಸ್ಟೆಲ್, ಇಲ್ಲವೇ ಒಂದೇ ಬಾಡಿಗೆ ಕೋಣೆ. ಮಂಚವೂ ಅಲ್ಲೇ, ಅಡುಗೆಯೂ ಅಲ್ಲೇ. ಗ್ಯಾಸ್ ಬೇಕಾದರೆ ಮೀಟರಿಗೆ ನಾಣ್ಯ ಹಾಕಬೇಕು. ಇಲ್ಲಿ ಪಿಜಿಯಲ್ಲಿ ಇದ್ದವರಿಗೆ ಜಾಸ್ತಿ ವಿವರಿಸೋದು ಬೇಡ. ಮಲ್ಲೇಶ್ವರದಲ್ಲಿ ನಾನು ಮನೆ ಹುಡುಕುವಾಗ 'ಒಬ್ರೇನಾ? ಫ್ಯಾಮಿಲಿ ಇಲ್ವಾ?' ಅನ್ನೋದೇ ಮೊದಲ ಪ್ರಶ್ನೆ. ಬಾಡಿಗೆ ಕಟ್ಟಬಲ್ಲಿರಾ ಅಂತ ಆಮೇಲೆ ಕೇಳುತ್ತಿದ್ದರು.

ವಯಸ್ಸಾದ ಮೇಲಿನ ಪಾಡು ಇನ್ನೂ ಕಷ್ಟದ್ದು. 1925ರ ಕಾನೂನು ವಿಧವೆಗೆ, ಗಂಡ ಕಟ್ಟಿದ ವಿಮೆ ಕಂತಿನ ಮೇಲೆ, ವಾರಕ್ಕೆ 10 ಶಿಲ್ಲಿಂಗ್ (ಅರ್ಧ ಪೌಂಡ್) ಪಿಂಚಣಿ ಕೊಟ್ಟಿತು. ಮದುವೆಯಾಗದವಳು ತಾನೇ ಕಂತು ಕಟ್ಟಿದ್ದರೂ 65 ವರ್ಷ ತುಂಬುವವರೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಎಷ್ಟೋ ಜನ ಕೆಲಸ ಬಿಟ್ಟಿರುತ್ತಿದ್ದರು. ನಮ್ಮಲ್ಲೂ ಅದು ಮದುವೆಯಾಗದ ಮಗಳ ಪಾಲಿಗೇ ಬರೋದು ಅಲ್ವಾ? ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಫ್ಲಾರೆನ್ಸ್ ವೈಟ್ ಎಂಬಾಕೆ ಇದ್ದರು. ಮದುವೆಗೆ ಗೊತ್ತಾಗಿದ್ದ ಹುಡುಗ ಯುದ್ಧಕಾಲದಲ್ಲಿ ತೀರಿಕೊಂಡಿದ್ದ. ಕೇಕ್, ಮಿಠಾಯಿ ಮಾರಿ ಬದುಕು ಕಟ್ಟಿಕೊಂಡಿದ್ದ ಈಕೆ 1935ರಲ್ಲಿ ಒಂಟಿ ಹೆಂಗಸರ ಪಿಂಚಣಿಗಾಗಿಯೇ ಸಂಘ ಶುರುಮಾಡಿದರು. ಅವರು ಕೇಳಿದ್ದು 55ರ ವಯಸ್ಸಿಗೆ. 1940ರಲ್ಲಿ, ಇನ್ನೊಂದು ಯುದ್ಧ ನಡೆಯುತ್ತಿರುವಾಗ, ಸರ್ಕಾರ 60ಕ್ಕೆ ಒಪ್ಪಿತು.