ಮೇಜಿನ ಮೇಲೆ ಎರಡು ಸ್ಕ್ರೂ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 47. ತುಮಕೂರಿನ ಅಂತರಸನಹಳ್ಳಿ ಕಡೆಯ ಒಂದು ಸಣ್ಣ ಸ್ಕ್ರೂ ಕಾರ್ಖಾನೆಯಲ್ಲಿ 19 ವರ್ಷ ಕೆಲಸ ಮಾಡಿದವರು. ಆಪ್ತ ಸಮಾಲೋಚಕಿಯಾದ ನನ್ನ ಹತ್ತಿರ ಬಂದಿದ್ದು ನಿದ್ದೆ ಬರ್ತಿಲ್ಲ ಅಂತ.

ಕೂತ ಐದು ನಿಮಿಷಕ್ಕೆ ಜೇಬಿನಿಂದ ಎರಡು ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟರು. "ಇದ್ರಲ್ಲಿ ನಮ್ದು ಯಾವುದು ಹೇಳಿ ಮೇಡಂ, ನೋಡೋಣ." ನನ್ನ ಕಣ್ಣಿಗೆ ಎರಡೂ ಒಂದೇ. ಅವರು ಥ್ರೆಡ್ಡಿನ ಮೇಲೆ ಉಗುರು ಎಳೆದು ತೋರಿಸಿದರು. ಒಂದರಲ್ಲಿ ಉಗುರು ಸಲೀಸಾಗಿ ಜಾರಿತು. ಇನ್ನೊಂದು ತುದಿಯ ಹತ್ತಿರ ಚೂರು ಕಚ್ಚಿತು. "ಕಚ್ಚೋದು ಚೀನಾದ್ದು. ಆದ್ರೂ ಓಡೋದು ಅದೇ. ನಮಗೆ ಸ್ಕ್ರೂ ಮಾಡೋ ತಂತಿಗೇ ಬೀಳೋ ದುಡ್ಡಲ್ಲಿ ಅಲ್ಲಿಂದ ರೆಡಿ ಸ್ಕ್ರೂ ಬಂದುಬಿಡುತ್ತೆ."

ಕಿಲೋಗೆ ₹129ಕ್ಕಿಂತ ಅಗ್ಗದ ಕೆಲವು ಬಗೆಯ ಸ್ಕ್ರೂಗಳ ಆಮದಿಗೆ ಕೇಂದ್ರ ಸರ್ಕಾರ ತಡೆ ಹಾಕಿತು, ನಿಜ. ಅಷ್ಟರಲ್ಲಿ ಇವರ ಮಾಲೀಕರು ಕೈಚೆಲ್ಲಿದ್ದರು. ಆರು ಮಿಷನ್‌ಗಳಲ್ಲಿ ನಾಲ್ಕು ಮಾರಿದರು. ಆ ಜಾಗಕ್ಕೆ ಹೊರಗಿನಿಂದ ತರಿಸಿದ ಮಾಲಿನ ಪೆಟ್ಟಿಗೆಗಳು ಬಂದವು. ಪೆಟ್ಟಿಗೆ ಒಡೆದು, ತಮ್ಮದೇ ಕಂಪನಿ ಹೆಸರಿನ ಪೊಟ್ಟಣಕ್ಕೆ ತುಂಬುವುದು ಇವರ ಕೊನೆಯ ಎರಡು ತಿಂಗಳ ಕೆಲಸ. ಅದನ್ನು ಹೇಳುವಾಗ ಮಾತ್ರ ಅವರ ದನಿ ಇಳಿಯಿತು.

ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು. ಆಮೇಲೆ ಒಂದೇ ಯೋಚನೆ: ನಾನೇ ನಿಧಾನ ಆದ್ನಾ? ಇನ್ನೊಂಚೂರು ಜಾಸ್ತಿ ಮಾಲು ತೆಗೆದಿದ್ರೆ ಕೆಲಸ ಉಳೀತಿತ್ತಾ? ಸಂಘದ ಕಂತಿನ ದಿನ ಮನೆಯಲ್ಲಿ ನಿಲ್ಲಲಾಗದೆ ಕ್ಯಾತ್ಸಂದ್ರದವರೆಗೆ ನಡೆದು ಹೋಗಿ ಬರುತ್ತಿದ್ದರಂತೆ. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಂಥ ಕಡೆ ಸುತ್ತಿ ಬಳಸಿ ಕೇಳಬಾರದು. "ಒಂದೆರಡು ಸಲ ಬಂತು, ಈಗಿಲ್ಲ" ಎಂದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲೇ ಸೇವ್ ಮಾಡಿಸಿದೆ. ಯಾವ ಹೊತ್ತಿಗೆ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಭೇಟಿಯಲ್ಲಿ ಮನಸ್ಸಿನ ಮಾತೇ ಆಯಿತು, ಕಾಗದದ ಮಾತು ಕೇಳಲಿಲ್ಲ. ಎರಡನೇ ಭೇಟಿಯಲ್ಲಿ ಅವರೇ ಮಡಿಚಿದ ಹಾಳೆಯೊಂದನ್ನು ತೆಗೆದರು. "ನನ್ನ ಸ್ವಂತ ಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ" ಎಂದು ಟೈಪ್ ಆಗಿತ್ತು, ಸಹಿಗೆ ಜಾಗ ಖಾಲಿ ಇತ್ತು. ಸಹಿ ಹಾಕಿದರೆ ಎಲ್ಲಾ ಸೇರಿ ಒಂದು ಲಕ್ಷ ಕೊಡುತ್ತಾರಂತೆ. "19 ವರ್ಷ ಅನ್ನ ಕೊಟ್ಟವರು. ಹಾಕಿಬಿಡೋಣ ಅಂತಿದ್ದೀನಿ."

ನಿದ್ದೆ ಕೆಡಿಸಿದ್ದು ಈ ಹಾಳೆಯೇ ಎಂದು ನನಗೆ ಆಗ ಹೊಳೆಯಿತು. ಕೆಲಸ ಕಿತ್ತುಕೊಂಡದ್ದಲ್ಲದೆ, ನಾನೇ ಬಿಟ್ಟೆ ಅಂತ ಬರೆದುಕೊಡಿ ಎಂದರೆ ಯಾರಿಗೆ ತಾನೇ ತಲೆ ಕೆಡಲ್ಲ?

ಸಹಿ ಹಾಕಬೇಡಿ ಎಂದೆ. ಕಾರಣವನ್ನು ಲೆಕ್ಕ ಹಾಕಿಯೇ ತೋರಿಸಿದೆ. ಅವರ ಕೊನೆಯ ಸಂಬಳ ₹17,400. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 19 ವರ್ಷಕ್ಕೆ ಲೆಕ್ಕ ಹಾಕಿದರೆ ಗ್ರಾಚುಟಿ, ಅಂದರೆ ದುಡಿದ ವರ್ಷಗಳಿಗೆ ಕೆಲಸ ಬಿಡುವಾಗ ಸಿಗುವ ಹಣ, ಒಂದೇ ₹1,90,731. ಮಾಲೀಕರೇ ಕೆಲಸದಿಂದ ತೆಗೆದರೆ, ಅಂದರೆ ರಿಟ್ರೆಂಚ್‌ಮೆಂಟ್ ಆದರೆ, ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಬೇರೆ. ಕಡಿಮೆ ಅಂದ್ರೂ ಒಂದೂವರೆ ಲಕ್ಷದ ಮೇಲೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಹೀಗೇ ಇತ್ತು, ಈಗಿನ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಹೀಗೇ ಇದೆ. ಹೊಸ ಕೆಲಸ ಕಲಿಯಲು ಇನ್ನೂ 15 ದಿನದ ಸಂಬಳವನ್ನು ಹೊಸ ಸಂಹಿತೆ ಸೇರಿಸಿದೆ.

"ಚೀನಾ ಮಾಲಿನಿಂದ ಕೆಲಸ ಹೋದೋರಿಗೆ ಅಂತ ಸರ್ಕಾರದಲ್ಲಿ ಏನಾದ್ರೂ ಇದೆಯಾ?" ಎಂದು ಕೇಳಿದರು. ಅಮೆರಿಕದಲ್ಲಿ 1962ರಲ್ಲೇ ಅಂಥದ್ದೊಂದು ಬಂದಿತ್ತು. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ, ಕಲಿಯುವಾಗ ಭತ್ಯೆ. 2022ರ ಜುಲೈನಿಂದ ಅಲ್ಲೂ ಹೊಸ ಅರ್ಜಿಗಳ ವಿಚಾರಣೆ ನಿಂತಿದೆ. ನಮ್ಮಲ್ಲಿ ಆ ಹೆಸರಿನದ್ದಿಲ್ಲ. ಆದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ಟಿದವರಿಗೆ 2005ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಇದೆ. ಕಾರ್ಖಾನೆ ಮುಚ್ಚಿದರೆ ಅಥವಾ ರಿಟ್ರೆಂಚ್‌ಮೆಂಟ್ ಆದರೆ ಮೊದಲ 12 ತಿಂಗಳು ಸಂಬಳದ 50%, ನಂತರದ 12 ತಿಂಗಳು 25%. ಮನೆಯವರ ಆಸ್ಪತ್ರೆ ಸೌಲಭ್ಯವೂ ಮುಂದುವರಿಯುತ್ತದೆ. ಮಾಲು ಚೀನಾದ್ದೋ ಪಕ್ಕದ ಊರಿನದ್ದೋ ಅದು ಕೇಳಲ್ಲ. ಕೇಳೋದು ಒಂದೇ, ಕೆಲಸ ನೀವಾಗಿ ಬಿಟ್ಟಿರಾ, ಅವರು ತೆಗೆದರಾ?

ಅವರು ಆ ಹಾಳೆಯನ್ನು ಮತ್ತೆ ಬಿಡಿಸಿ ಓದಿದರು. ನಿಧಾನಕ್ಕೆ, ಬೆರಳಿಟ್ಟು.

ಮಾಲೀಕರ ಮುಂದೆ ಏನು ಹೇಳುವುದು ಎಂಬುದೇ ದೊಡ್ಡ ಭಯವಾಗಿತ್ತು. ಅದನ್ನು ಇಲ್ಲೇ ಮೂರು ಸಲ ಆಡಿ ನೋಡಿದೆವು. ನಾನೇ ಮಾಲೀಕ. "ಸಾರ್, ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ತೆಗೆದಿದ್ದು ಅಂತಲೇ ಬರೆದುಕೊಡಿ." ಇಷ್ಟೇ. ಜಗಳ ಬೇಡ. ಆಗಲಿಲ್ಲ ಅಂದರೆ ಕಾರ್ಮಿಕ ಇಲಾಖೆ ಕಚೇರಿ. ಪಿಎಫ್ ಪೂರ್ತಿ ಬಾಚಬೇಡಿ ಎಂದೂ ಹೇಳಿದೆ. 10 ವರ್ಷ ದಾಟಿದ ಸೇವೆಗೆ 58ಕ್ಕೆ ಪಿಂಚಣಿ ಬೇರೆ ಇದೆ.

ಕಾಗದ ಬಂತು, ಒಂದು ತಿಂಗಳ ನೋಟಿಸಿನ ಸಮೇತ. ಜೊತೆಗಿದ್ದವರಲ್ಲಿ ಹಲವರು ಅಷ್ಟರಲ್ಲೇ ಸಹಿ ಹಾಕಿಬಿಟ್ಟಿದ್ದರು. ಆ ಸಂಕಟ ಇವರಿಗೆ ಇನ್ನೂ ಹೋಗಿಲ್ಲ, ನನಗೂ ಅದಕ್ಕೆ ಉತ್ತರ ಗೊತ್ತಿಲ್ಲ. ಇಎಸ್‌ಐ ಅರ್ಜಿ ಹಾಕಿದ್ದಾರೆ. ಈಗ ಬೆಳಗಿನ ನಾಲ್ಕೂವರೆವರೆಗೆ ನಿದ್ದೆ ಬರುತ್ತಿದೆ. ಕಂಪ್ಯೂಟರಿನಿಂದ ಓಡುವ ಸಿಎನ್‌ಸಿ ಮಿಷನ್ ಕಲಿಯಲು ಹುಡುಗರ ಮಧ್ಯೆ ಕೂರೋಕೆ ನಾಚಿಕೆ ಅಂತಾರೆ. ನಾನು ಒತ್ತಾಯ ಮಾಡಿಲ್ಲ. ಒಂದು ದಿನ ಸುಮ್ನೆ ಹೋಗಿ ಮಿಷನ್ ನೋಡಿಕೊಂಡು ಬನ್ನಿ ಎಂದಿದ್ದೇನೆ. ಮುಂದಿನ ಭೇಟಿಗೆ ಹೆಂಡತಿಯನ್ನೂ ಕರೆತರುತ್ತಾರೆ. ಎರಡು ಸ್ಕ್ರೂಗಳಲ್ಲಿ ಉಗುರು ಕಚ್ಚದೇ ಇರುವುದನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದಾರೆ.