ಓದುಗರ ಪ್ರಶ್ನೆ: ಮೀಟರ್ ಪರೀಕ್ಷೆಗೆ, ಅಡಿ ಮನೆಗೆ?

ಪ್ರಶ್ನೆ: ಏಳನೇ ತರಗತಿಯ ಮಕ್ಕಳು ಚದರ ಮೀಟರಿನ ಲೆಕ್ಕ ತಪ್ಪಿಲ್ಲದೆ ಮಾಡುತ್ತಾರೆ. ಆದರೆ ಶಾಲೆಯ ಅಂಗಳ ಎಷ್ಟಿದೆ ಎಂದು ಕೇಳಿದರೆ ಅಡಿ, ಗುಂಟೆಯಲ್ಲೇ ಹೇಳುತ್ತಾರೆ. ಮೆಟ್ರಿಕ್ ಅಳತೆ ಅವರ ಬಾಯಿಗೆ ಬರಬೇಕಾದರೆ ಏನು ಮಾಡಲಿ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಪರಿವರ್ತನೆಯ ಕೋಷ್ಟಕವನ್ನು ಸ್ವಲ್ಪ ದಿನ ಬದಿಗಿಡಿ ಮೇಡಂ. ಅಡಿಗೆ 30.48 ಸೆಂ.ಮೀ. ಎಂದು ಮೊದಲೇ ಬಾಯಿಪಾಠ ಮಾಡಿಸಿದರೆ, ಅಡಿಯೇ ನಿಜವಾದ ಅಳತೆ, ಸೆಂಟಿಮೀಟರ್ ಬರೀ ಲೆಕ್ಕದ್ದು ಎಂದು ಮಗುವಿನ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದರ ಬದಲು ಪ್ರತಿ ಮಗುವೂ ತನ್ನ ಗೇಣು, ಮೊಳ, ಹತ್ತು ಹೆಜ್ಜೆಗಳನ್ನು ಟೇಪಿನಿಂದ ಅಳೆದು ಬರೆದುಕೊಳ್ಳಲಿ. ಬೆಳೆಯುವ ಮಕ್ಕಳಲ್ಲವೇ, ಆರು ತಿಂಗಳಿಗೊಮ್ಮೆ ಮತ್ತೆ ಅಳೆಸಿ. ಏನನ್ನೇ ಅಳೆಯುವ ಮೊದಲೂ ಅಂದಾಜು ಹೇಳಿಸಿ.

ಆಮೇಲೆ ಅಂಗಳದಲ್ಲಿ ಸುಣ್ಣದ ಪುಡಿಯಿಂದ 10 ಮೀ. ಉದ್ದ, 10 ಮೀ. ಅಗಲದ ಚೌಕ ಹಾಕಿಸಿ. ಮೂಲೆಯಿಂದ ಒಂದು ಗೆರೆಯ ಮೇಲೆ 6 ಮೀ., ಇನ್ನೊಂದರ ಮೇಲೆ 8 ಮೀ. ಗುರುತು ಹಾಕಿ, ಎರಡು ಗುರುತುಗಳ ನಡುವೆ 10 ಮೀ. ಬಂದರೆ ಮೂಲೆ ಸರಿಯಿದೆ. ಕೊನೆಗೆ ಎರಡೂ ಕರ್ಣಗಳು 14.14 ಮೀ. ಬರಬೇಕು. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ಬೇಡ. ಟೇಪಿನಲ್ಲೂ ಸೊನ್ನೆ ಎಲ್ಲಿದೆ ನೋಡಿಕೊಳ್ಳಿ: ಕೆಲವದರಲ್ಲಿ ಕೊಂಡಿಯ ಹೊರಅಂಚಿಗೆ, ಕೆಲವದರಲ್ಲಿ ಪಟ್ಟಿಯ ಮೇಲೆ.

ಈ ಚೌಕ 100 ಚದರ ಮೀಟರ್. ನಮ್ಮ ಗುಂಟೆ 33 ಅಡಿಗೆ 33 ಅಡಿ, ಅಂದರೆ 101.17 ಚದರ ಮೀಟರ್. ಹೆಚ್ಚುಕಮ್ಮಿ ಅದೇ ಚೌಕ! ಮನೆಯಲ್ಲಿ ಕೇಳಿದ ಗುಂಟೆಯನ್ನು ಮಗು ಮರೆಯಬೇಕಿಲ್ಲ, ಅದರ ಮೇಲೆ ನಿಂತೇ ನೂರು ಚೌಕ ಸೇರಿದರೆ ಹೆಕ್ಟೇರ್ ಎಂದು ಕಣ್ಣಾರೆ ತಿಳಿಯುತ್ತದೆ. ಒಂದು ಮೀಟರಿಗೆ 3.28 ಅಡಿ, ಹಾಗಾಗಿ ಒಂದು ಚದರ ಮೀಟರಿಗೆ 3.28 ಚದರ ಅಡಿ ಎಂದು ಬರೆಯುವ ತಪ್ಪೂ ಇಲ್ಲೇ ಬಿಟ್ಟುಹೋಗುತ್ತದೆ; ಸರಿಯಾದದ್ದು 3.28 × 3.28, ಅಂದರೆ 10.76.

ಲೀಟರಿಗೆ ಉದ್ದ, ಅಗಲ, ಎತ್ತರ ಮೂರೂ 10 ಸೆಂ.ಮೀ. ಇರುವ ರಟ್ಟಿನ ಡಬ್ಬಿ ಮಾಡಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ತುಂಬಿಸಿ. 10 ಸೆಂ.ಮೀ. ಒಳಅಳತೆ ಆಗಿರಬೇಕು. ಹೊರಗಿನಿಂದ ಅಳೆದರೆ 3 ಮಿ.ಮೀ. ದಪ್ಪದ ರಟ್ಟಿನ ಡಬ್ಬಿ ಸುಮಾರು 860 ಮಿ.ಲೀ. ಮಾತ್ರ ಹಿಡಿಯುತ್ತದೆ.

ಪ್ರಶ್ನೆ: ಪಹಣಿಯಲ್ಲಿ ನಮ್ಮ ಹೊಲ 2-20 ಎಂದಿದೆ. ಬೆಳೆಗೆ ಹೆಕ್ಟೇರಿಗೆ 100 ಕೆ.ಜಿ. ಸಾರಜನಕ ಎಂದು ಶಿಫಾರಸು. ಯೂರಿಯಾ ಎಷ್ಟು ಚೀಲ?
– ರೈತ, ದಾವಣಗೆರೆ ಜಿಲ್ಲೆ

ಉತ್ತರ: 2-20 ಎಂದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ, 1.01 ಹೆಕ್ಟೇರ್. ಕ್ಯಾಲ್ಕುಲೇಟರಿನಲ್ಲಿ 2.20 ಎಂದು ಒತ್ತಿದರೆ 12 ಗುಂಟೆ ಮಾಯವಾಗುತ್ತದೆ. ಯೂರಿಯಾದಲ್ಲಿ ಸಾರಜನಕ ಶೇ. 46. 101 ಕೆ.ಜಿ. ಸಾರಜನಕಕ್ಕೆ ನಿಮಗೆ ಬೇಕಾದ ಯೂರಿಯಾ ಸುಮಾರು 220 ಕೆ.ಜಿ., 45 ಕೆ.ಜಿ.ಯ ಐದು ಚೀಲಕ್ಕೆ ತುಸು ಕಡಿಮೆ. ಡಿಎಪಿ ಗೊಬ್ಬರವನ್ನೂ ಹಾಕಿದ್ದರೆ 50 ಕೆ.ಜಿ. ಚೀಲಕ್ಕೆ 9 ಕೆ.ಜಿ. ಸಾರಜನಕ ಬಂದಿರುತ್ತದೆ, ಚೀಲಕ್ಕೆ 20 ಕೆ.ಜಿ.ಯಂತೆ ಯೂರಿಯಾ ಕಳೆಯಿರಿ. ಹೆಕ್ಟೇರಿನ ಅಂಕಿಯನ್ನು ಎಕರೆಯದೆಂದು ಓದಿಕೊಂಡರೆ ಹನ್ನೆರಡು ಚೀಲ ಸುರಿದಂತಾಗುತ್ತದೆ, ಬೆಳೆ ಹುಲುಸಾಗಿ ಎದ್ದು ಮಲಗಿಬಿಡುತ್ತದೆ. ದಯವಿಟ್ಟು ಶಿಫಾರಸಿನ ಹಾಳೆಯಲ್ಲಿ ಮೊದಲು ‘ಹೆಕ್ಟೇರಿಗೆ’ ಎಂದಿದೆಯೋ ‘ಎಕರೆಗೆ’ ಎಂದಿದೆಯೋ ನೋಡಿ.

ಪ್ರಶ್ನೆ: ಮೇಸ್ತ್ರಿ ಸಂಪಿನ ಅಳತೆ ಅಡಿಯಲ್ಲಿ ಹೇಳುತ್ತಾರೆ. ಲೀಟರ್ ತಿಳಿಯುವುದು ಹೇಗೆ?
– ಗೃಹಿಣಿ, ತುಮಕೂರು

ಉತ್ತರ: ಪ್ಲಾಸ್ಟರ್ ಆದ ಮೇಲೆ ಒಳಗಿನಿಂದ ಮೀಟರಿನಲ್ಲೇ ಅಳೆಯಿರಿ. ಉದ್ದ 1.8, ಅಗಲ 1.5, ಆಳ 1.5 ಇದ್ದರೆ ಗುಣಿಸಿ 4.05 ಘನ ಮೀಟರ್, ಸಾವಿರದಿಂದ ಗುಣಿಸಿದರೆ 4,050 ಲೀಟರ್. ಮೇಲಿನ 20 ಸೆಂ.ಮೀ. ನೀರು ತುಂಬದೆ ಖಾಲಿ ಉಳಿಯುವುದಾದರೆ ಆಳ 1.3 ಹಿಡಿಯಿರಿ: 3,510 ಲೀಟರ್.